ಹಿಮ್ಮಡಿಯ ಒಂದು ಹನಿ ರಕ್ತ: ಮಕ್ಕಳ ಆನುವಂಶಿಕ ಚಯಾಪಚಯ ರೋಗಗಳು

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಅನುವಂಶೀಯತೆಯ ಪಾಠ ಬಂದಾಗ ಮೆಂಡೆಲನ ಬಟಾಣಿ ಗಿಡಗಳ ವಿವರಣೆ ಸಾಮಾನ್ಯವಾಗಿ ತೊಡಕಿಲ್ಲದೆ ಸಾಗುತ್ತದೆ. ಎತ್ತರದ ಗಿಡ, ಗಿಡ್ಡ ಗಿಡ, ಹಳದಿ ಬೀಜ, ಹಸಿರು ಬೀಜ ಎಂದು ಚೌಕ ಬರೆದು ಮಕ್ಕಳು ಉತ್ತರ ಕಂಡುಕೊಳ್ಳುತ್ತಾರೆ. ಪಾಠವು ಮನುಷ್ಯರ ಕಡೆಗೆ ತಿರುಗಿದಾಗ ತರಗತಿಯ ಸ್ಥಿತಿಯೇ ಬೇರೆಯಾಗುತ್ತದೆ. ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸೋದರಮಾವ ಅಕ್ಕನ ಮಗಳನ್ನು, ಇಲ್ಲವೇ ಸೋದರತ್ತೆಯ ಮಗನು ಮಾವನ ಮಗಳನ್ನು ಮದುವೆಯಾಗುವ ವಾಡಿಕೆ ಯಾರಿಗೂ ಹೊಸದಲ್ಲ. ತೆಲುಗಿನಲ್ಲಿ ಮೇನರಿಕವೆಂದೂ ಕನ್ನಡದಲ್ಲಿ ಸೋದರಿಕೆಯೆಂದೂ ಕರೆಯುವ ಈ ಸಂಬಂಧದಿಂದ ಹುಟ್ಟಿದ ಮಕ್ಕಳು ತರಗತಿಯಲ್ಲೇ ಕುಳಿತಿರುತ್ತಾರೆ. ‘ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ದೋಷ ಬರುತ್ತದೆ’ ಎಂಬ ಒಂದೇ ವಾಕ್ಯವನ್ನು ಹಲಗೆಯ ಮೇಲೆ ಬರೆದು ಮುಂದೆ ಸಾಗಿದರೆ ಆ ವಾಕ್ಯ ಅರ್ಧ ಮಾತ್ರ ನಿಜ. ಮನೆಯಲ್ಲಿ ನಡೆಯಲಾರದ ತಮ್ಮನೋ ಮಾತು ಬಾರದ ತಂಗಿಯೋ ಇರುವ ವಿದ್ಯಾರ್ಥಿಯ ಪಾಲಿಗೆ ಅದು ತಂದೆತಾಯಿಯರ ಮೇಲೆ ಹೊರಿಸಿದ ಅಪರಾಧದಂತೆ ಕೇಳಿಸುತ್ತದೆ.

ಈ ವಿಷಯವನ್ನು ಸರಿಯಾಗಿ ಕಲಿಸಲು ಬೇಕಾದ ಸಾಮಗ್ರಿಯ ಬಹುಭಾಗ ನೆರೆಯ ಕರ್ನಾಟಕದಲ್ಲಿ ಮತ್ತು ಹೈದರಾಬಾದಿನಲ್ಲಿ ನಡೆದ ಸಂಶೋಧನೆಗಳಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಪ್ರೊ. ಎನ್. ಅಪ್ಪಾಜಿ ರಾವ್ ಹಾಗೂ ವೈದ್ಯಕೀಯ ತಳಿವಿಜ್ಞಾನದ ಸಂಶೋಧಕಿ ಡಾ. ಎ. ರಾಧಾ ರಮಾ ದೇವಿ ಅವರ ಕೆಲಸವನ್ನು ಈ ಪಾಠ ಮುಖ್ಯವಾಗಿ ಪರಿಚಯಿಸುತ್ತದೆ.

ಚಯಾಪಚಯ ಮತ್ತು ಕಿಣ್ವ

ಉಂಡ ಅನ್ನ, ಬೇಳೆ, ಹಾಲು ದೇಹದಲ್ಲಿ ಹಂತಹಂತವಾಗಿ ಒಡೆದು ಬೇರೆ ಬೇರೆ ರೂಪ ತಾಳುವ ಕ್ರಿಯೆಗಳ ಒಟ್ಟು ಹೆಸರು ಚಯಾಪಚಯ. ಪ್ರತಿಯೊಂದು ಹಂತಕ್ಕೂ ಒಂದು ಕಿಣ್ವ ಬೇಕು. ಆ ಕಿಣ್ವವನ್ನು ತಯಾರಿಸುವ ಸೂಚನೆ ವಂಶವಾಹಿಯಲ್ಲಿ ಇರುತ್ತದೆ. ಇದನ್ನು ವಿವರಿಸಲು ಕೆರೆಯ ಕೆಳಗಿನ ಗದ್ದೆಗಳ ಉದಾಹರಣೆ ಈ ಸೀಮೆಯ ಮಕ್ಕಳಿಗೆ ಸುಲಭವಾಗಿ ಹಿಡಿಸುತ್ತದೆ. ತೂಬು ಕೆಟ್ಟು ತೆರೆಯದೆ ಹೋದರೆ ಎರಡು ಬಗೆಯ ಹಾನಿಯಾಗುತ್ತದೆ: ಮೇಲೆ ನೀರು ನಿಂತು ಕಟ್ಟೆ ಒಡೆಯುವ ಭಯ, ಕೆಳಗಿನ ಗದ್ದೆಗೆ ನೀರಿಲ್ಲದೆ ಪೈರು ಒಣಗುವ ಭಯ. ಕಿಣ್ವವಿಲ್ಲದ ದೇಹದಲ್ಲಿಯೂ ಹೀಗೆಯೇ ಆಗುತ್ತದೆ. ಮುಂದೆ ಸಾಗಬೇಕಾದ ವಸ್ತು ರಕ್ತದಲ್ಲಿ ಶೇಖರವಾಗಿ ವಿಷವಾಗುತ್ತದೆ, ಸಿಗಬೇಕಾದ ವಸ್ತು ಸಿಗುವುದಿಲ್ಲ.

ಫೀನೈಲ್‌ಕೀಟೋನ್ಯೂರಿಯ ಎಂಬ ರೋಗದಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಟೈರೋಸಿನ್ ಆಗಿ ಮಾರ್ಪಡುವುದಿಲ್ಲ. ಶೇಖರವಾದ ಫೀನೈಲ್‌ಅಲನೀನ್ ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಟೈರೋಸಿನ್ ಕಡಿಮೆಯಾದುದರಿಂದ ಕೂದಲು, ಚರ್ಮಗಳ ಬಣ್ಣ ಮನೆಯವರೆಲ್ಲರಿಗಿಂತ ತಿಳಿಯಾಗಿರುತ್ತದೆ. ಮಗು ಹುಟ್ಟುವಾಗ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಗರ್ಭದಲ್ಲಿ ತಾಯಿಯ ದೇಹವೇ ಆ ಕೆಲಸ ಮಾಡುತ್ತಿದ್ದುದರಿಂದ ಕೊರತೆ ಕಾಣಿಸಿರುವುದಿಲ್ಲ. ಹಾಲು ಕುಡಿಯಲು ಆರಂಭಿಸಿದ ಮೇಲೆ ಹಾನಿ ಶುರುವಾಗುತ್ತದೆ. ಗ್ಯಾಲಕ್ಟೋಸೀಮಿಯ ಎಂಬ ಇನ್ನೊಂದು ರೋಗದಲ್ಲಂತೂ ತಾಯಿಯ ಹಾಲಿನ ಸಕ್ಕರೆಯೇ ಮಗುವಿಗೆ ಮಾರಕ. ಮೇಪಲ್ ಸಿರಪ್ ಮೂತ್ರರೋಗದಲ್ಲಿ ಕೂಸಿನ ಮೂತ್ರಕ್ಕೆ ಪಾಕದಂಥ ಸಿಹಿ ವಾಸನೆ ಬರುತ್ತದೆ. ಪಾಶ್ಚಾತ್ಯರು ಅದಕ್ಕೆ ತಮ್ಮ ಕಡೆಯ ಮರದ ಪಾಕದ ಹೆಸರನ್ನಿಟ್ಟರು. ನಮ್ಮ ತಾಯಂದಿರಿಗೆ ಬೆಲ್ಲದ ಪಾಕವೆಂದರೆ ಬೇಗ ತಿಳಿಯುತ್ತದೆ.

ಹಿಂದಿನವರ ಕೆಲಸ

ಲಂಡನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಆಲ್ಕಾಪ್ಟೊನೂರಿಯ ಎಂಬ ಸ್ಥಿತಿಯನ್ನು ಕುರಿತು ಬರೆದರು. ಈ ಸ್ಥಿತಿಯಿರುವವರ ಮೂತ್ರ ಗಾಳಿಗೆ ತೆರೆದಿಟ್ಟರೆ ಕಪ್ಪಾಗುತ್ತದೆ. ಅಂಥ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಒಡಹುಟ್ಟಿದವರ ಮಕ್ಕಳೇ ಆಗಿದ್ದುದು ಅವರ ಗಮನಕ್ಕೆ ಬಂದಿತು. ಆಗತಾನೆ ಮರಳಿ ಬೆಳಕಿಗೆ ಬಂದಿದ್ದ ಮೆಂಡೆಲನ ನಿಯಮಗಳೊಂದಿಗೆ ಇದನ್ನು ಜೋಡಿಸಿ ನೋಡಿದವರು ವಿಲಿಯಂ ಬೇಟ್‌ಸನ್. ಬಟಾಣಿಯ ಗಿಡ್ಡತನದಂತೆ ಮನುಷ್ಯನ ರೋಗವೂ ಅಪ್ರಬಲ ಗುಣವಾಗಿ ಮರೆಯಲ್ಲಿ ಸಾಗಿ ಬರಬಲ್ಲದೆಂಬುದಕ್ಕೆ ಇದು ಮೊದಲ ನಿದರ್ಶನ. ಪಠ್ಯಪುಸ್ತಕದ ಬಟಾಣಿಯಿಂದ ಮನುಷ್ಯನವರೆಗೆ ಸೇತುವೆ ಬೇಕೆನ್ನುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ದೊರೆಯಲಾರದು.

1934ರಲ್ಲಿ ನಾರ್ವೆ ದೇಶದಲ್ಲಿ ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿ, ಮಕ್ಕಳ ಮೈಯಿಂದ ವಿಚಿತ್ರ ವಾಸನೆ ಬರುತ್ತದೆಂದು ವೈದ್ಯರಿಂದ ವೈದ್ಯರಿಗೆ ಅಲೆದಳು. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಫೀನೈಲ್‌ಕೀಟೋನ್ಯೂರಿಯ ಪತ್ತೆಯಾದುದು ಹೀಗೆ. ಹೆತ್ತವಳ ಮೂಗು ಪ್ರಯೋಗಶಾಲೆಗಿಂತ ಮುಂಚೆಯೇ ರೋಗವನ್ನು ಹಿಡಿದಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ 1951ರ ಸುಮಾರಿಗೆ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫೀನೈಲ್‌ಅಲನೀನ್ ತೆಗೆದ ಆಹಾರವನ್ನು ಒಂದು ಹೆಣ್ಣುಮಗುವಿಗೆ ಕೊಟ್ಟರು. ನಿಲ್ಲಲಾಗದೆ, ಸದಾ ಅಳುತ್ತಿದ್ದ ಆ ಮಗು ತೆವಳಿತು, ಎದ್ದು ನಿಂತಿತು. ಸುಧಾರಣೆ ಆಹಾರದಿಂದಲೇ ಆದುದೆಂದು ರುಜುಪಡಿಸಲು ಅವರು ತಾಯಿಗೆ ತಿಳಿಸದೆ ಫೀನೈಲ್‌ಅಲನೀನನ್ನು ಮತ್ತೆ ಸೇರಿಸಿದರು. ಮಗು ಕೆಲವೇ ದಿನಗಳಲ್ಲಿ ಹಿಂದಿನ ಸ್ಥಿತಿಗೆ ಇಳಿಯಿತು. ಪುರಾವೆ ದೊರೆಯಿತು, ನಿಜ. ಆದರೆ ತಾಯಿಯ ಒಪ್ಪಿಗೆಯಿಲ್ಲದ ಅಂಥ ಪರೀಕ್ಷೆಯನ್ನು ಇಂದು ಯಾವ ನೀತಿಸಮಿತಿಯೂ ಒಪ್ಪುವುದಿಲ್ಲ. ಮೇಲಿನ ತರಗತಿಗಳಲ್ಲಿ ಚರ್ಚೆಗೆ ಇಡಬಹುದಾದ ಪ್ರಸಂಗವಿದು.

ಚಿಕಿತ್ಸೆ ದೊರೆತರೂ ಒಂದು ತೊಡಕು ಉಳಿಯಿತು. ಲಕ್ಷಣಗಳು ಕಾಣುವ ಹೊತ್ತಿಗೆ ಮಿದುಳು ಕೆಟ್ಟಿರುತ್ತದೆ. ಆದ್ದರಿಂದ ಲಕ್ಷಣವಿಲ್ಲದ ಕೂಸನ್ನೇ ಪರೀಕ್ಷಿಸಬೇಕು. ಅಮೆರಿಕದ ರಾಬರ್ಟ್ ಗುತ್ರಿ 1960ರ ದಶಕದ ಆರಂಭದಲ್ಲಿ ಇದಕ್ಕೆ ದಾರಿ ತೋರಿದರು. ಅವರ ಮಗನೊಬ್ಬ ಬುದ್ಧಿಮಾಂದ್ಯನಾಗಿದ್ದ. ಸಂಬಂಧಿಕರ ಮಗಳೊಬ್ಬಳಿಗೆ ಫೀನೈಲ್‌ಕೀಟೋನ್ಯೂರಿಯ ತಡವಾಗಿ ಪತ್ತೆಯಾಗಿತ್ತು. ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತದ ಹನಿಯನ್ನು ಸೋಸುಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಅವರದು. ಐಸು ಬೇಡ, ಸೀಸೆ ಬೇಡ. ದೂರದ ಹಳ್ಳಿಯ ಕೂಸಿನ ರಕ್ತವೂ ಲಕೋಟೆಯೊಳಗೆ ಪ್ರಯೋಗಶಾಲೆಯನ್ನು ಸೇರಬಲ್ಲದಾಯಿತು.

ಕರ್ನಾಟಕದಲ್ಲಿ 1,12,269 ಕೂಸುಗಳು

ಭಾರತದಲ್ಲಿ ಇಂಥ ತಪಾಸಣೆ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದುದು ಕರ್ನಾಟಕದಲ್ಲಿ. 1980ರಲ್ಲಿ ಆರಂಭವಾದ ಈ ಕಾರ್ಯದಲ್ಲಿ ರಾಜ್ಯದ 1,12,269 ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಲಾಯಿತು. ಅಪ್ಪಾಜಿ ರಾವ್, ರಾಧಾ ರಮಾ ದೇವಿ, ಎಚ್. ಎಸ್. ಸಾವಿತ್ರಿ, ಆಗ ಇಂಗ್ಲೆಂಡಿನಲ್ಲಿದ್ದ ತಳಿವಿಜ್ಞಾನಿ ಅಲನ್ ಬಿಟಲ್ಸ್ ಮೊದಲಾದವರು ಅದರ ಫಲಿತಾಂಶವನ್ನು 1988ರಲ್ಲಿ ಪ್ರಕಟಿಸಿದರು. ಟೈರೋಸಿನೀಮಿಯ, ಮೇಪಲ್ ಸಿರಪ್ ಮೂತ್ರರೋಗ, ಫೀನೈಲ್‌ಕೀಟೋನ್ಯೂರಿಯ ಮುಂತಾದವು ಇಲ್ಲಿನ ಮಕ್ಕಳಲ್ಲಿಯೂ ಇವೆಯೆಂಬುದು ಸ್ಪಷ್ಟವಾಯಿತು. ಇವು ಬಿಳಿಯರ ನಾಡಿನ ರೋಗಗಳು, ಇಲ್ಲಿ ಹುಡುಕುವುದು ವ್ಯರ್ಥ ಎಂಬ ಭಾವನೆಗೆ ಅದರಿಂದ ಆಧಾರ ತಪ್ಪಿತು.

ಆ ಪರೀಕ್ಷೆಯಲ್ಲಿ ಬಳಸಿದ ವಿಧಾನ ತೆಳುಪದರ ವರ್ಣರೇಖನ. ಶಾಲೆಯಲ್ಲಿ ಇದರ ತತ್ತ್ವವನ್ನು ಕಾಸಿನ ಖರ್ಚಿಲ್ಲದೆ ತೋರಿಸಬಹುದು. ಸೋಸುಕಾಗದದ ಪಟ್ಟಿಯ ಕೆಳತುದಿಯಿಂದ ಎರಡು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆಯಿಟ್ಟು, ತುದಿ ಮಾತ್ರ ನೀರಿಗೆ ತಾಗುವಂತೆ ಲೋಟದಲ್ಲಿ ನಿಲ್ಲಿಸಬೇಕು. ಚುಕ್ಕೆ ನೀರಿನಲ್ಲಿ ಮುಳುಗಿದರೆ ಶಾಯಿ ಕರಗಿ ಹೋಗುವುದರಿಂದ ಈ ಅಂತರವನ್ನು ಕಾಯುವುದು ಅಗತ್ಯ. ನೀರು ಏರುತ್ತಿದ್ದಂತೆ ಕಪ್ಪು ಶಾಯಿ ನೀಲಿ, ಕೆಂಪು, ಹಳದಿ ಎಂದು ಬೇರ್ಪಡುತ್ತದೆ. ರಕ್ತದ ಅಮೈನೋ ಆಮ್ಲಗಳೂ ಇದೇ ರೀತಿ ಒಂದೊಂದು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತವೆ. ಅವುಗಳಿಗೆ ಸ್ವಂತ ಬಣ್ಣವಿಲ್ಲವಾದ್ದರಿಂದ ನಿನ್‌ಹೈಡ್ರಿನ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ಕಾಯಿಸಿದರೆ ನೇರಳೆ ಬಣ್ಣದ ಕಲೆಗಳಾಗಿ ಕಾಣುತ್ತವೆ. ಯಾವ ಕೂಸಿನ ಹಾಳೆಯಲ್ಲಿ ಒಂದು ಕಲೆ ಅತಿಯಾಗಿ ದಟ್ಟವಾಗಿದೆಯೋ ಆ ಕೂಸಿನ ತೂಬು ಮುಚ್ಚಿರಬಹುದು. ಲಕ್ಷಕ್ಕೆ ಮೇಲ್ಪಟ್ಟ ಇಂಥ ನಮೂನೆಗಳನ್ನು ಕಣ್ಣಿಟ್ಟು ನೋಡಿದ ಶ್ರಮ ಸಣ್ಣದಲ್ಲ.

ರಾಧಾ ರಮಾ ದೇವಿ ಅವರು ಮುಂದೆ ಹೈದರಾಬಾದಿನ ಸಿ.ಡಿ.ಎಫ್.ಡಿ. ಸಂಸ್ಥೆಯಲ್ಲಿ ಈ ಕೆಲಸ ಮುಂದುವರಿಸಿದರು. ಎಸ್. ಎಂ. ನೌಶಾದ್ ಅವರೊಡನೆ 2004ರಲ್ಲಿ ಪ್ರಕಟಿಸಿದ ವರದಿಯಂತೆ ಹೈದರಾಬಾದಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ 18,300 ಶಿಶುಗಳನ್ನು ಪರೀಕ್ಷಿಸಿದಾಗ 1,700ಕ್ಕೆ ಒಂದರಂತೆ ಜನ್ಮಜಾತ ಥೈರಾಯ್ಡ್ ಕೊರತೆಯೂ, 2,575ಕ್ಕೆ ಒಂದರಂತೆ ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷವೂ ಕಂಡುಬಂದವು. ಥೈರಾಯ್ಡ್ ಕೊರತೆ ಬಹುಪಾಲು ಮಕ್ಕಳಲ್ಲಿ ಆನುವಂಶಿಕವಾದುದಲ್ಲ. ಆದರೂ ಪತ್ತೆಯಾಗದಿದ್ದರೆ ಬುದ್ಧಿ ಕುಂಠಿತವಾಗುತ್ತದೆ. ಮೊದಲ ವಾರಗಳಲ್ಲೇ ಪತ್ತೆಯಾದರೆ ದಿನಕ್ಕೊಂದು ಅಗ್ಗದ ಥೈರಾಕ್ಸಿನ್ ಮಾತ್ರೆಯಿಂದ ಮಗು ಎಲ್ಲರಂತೆ ಬೆಳೆಯುತ್ತದೆ. ಗೋವಾ 2008ರಲ್ಲಿ ನವಜಾತ ಶಿಶುಗಳ ತಪಾಸಣೆಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಆರಂಭಿಸಿತು. ದೇಶದ ಎಲ್ಲ ಕೂಸುಗಳಿಗೂ ಕಡ್ಡಾಯವಾದ ತಪಾಸಣೆ ಬಂದಿಲ್ಲ. ಆದುದರಿಂದ ಗಡಿ ತಾಲ್ಲೂಕುಗಳ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಹಿಮ್ಮಡಿಯಿಂದ ಆ ಹನಿಯನ್ನು ಯಾರೂ ತೆಗೆದಿಲ್ಲವೆಂದೇ ಎಣಿಸಬೇಕು.

ಸೋದರಿಕೆಯ ಲೆಕ್ಕ

ಇದೇ ಬಳಗದ ಇನ್ನೊಂದು ಕೆಲಸ ಮದುವೆಗಳ ಅಧ್ಯಯನ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ 1,07,518 ಮದುವೆಗಳ ಮಾಹಿತಿ ಸಂಗ್ರಹಿಸಿದಾಗ ಶೇಕಡ 31.4ರಷ್ಟು ರಕ್ತಸಂಬಂಧದಲ್ಲಿ ನಡೆದವೆಂದು ತಿಳಿದುಬಂದಿತು. ಹಿಂದೂಗಳಲ್ಲಿ ಸುಮಾರು ಐದರಲ್ಲೊಂದು ಮದುವೆ ಸೋದರಮಾವ ಮತ್ತು ಸೊಸೆಯ ನಡುವಿನದು. ಅದೂ ಎರಡು ದೊಡ್ಡ ನಗರಗಳಲ್ಲಿ.

ಅಪ್ರಬಲ ರೋಗದ ಒಂದು ವಂಶವಾಹಿಯನ್ನು ಹೊತ್ತವರು ವಾಹಕರು, ಅವರಿಗೆ ರೋಗವಿರುವುದಿಲ್ಲ. ತಂದೆತಾಯಿ ಇಬ್ಬರೂ ಒಂದೇ ರೋಗದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿ ರೋಗದ ಸಂಭವ ನಾಲ್ಕರಲ್ಲಿ ಒಂದು. ಒಂದು ಕುಟುಂಬದ ಅಜ್ಜ ಇಂಥ ವಾಹಕನೆಂದು ಭಾವಿಸಿ ಲೆಕ್ಕ ಮಾಡಿಸಬಹುದು. ಅದು ಅವನ ಮಗನಿಗೆ ಬಂದಿರುವ ಸಂಭವ 1/2. ಮಗಳ ಮೂಲಕ ಮೊಮ್ಮಗಳಿಗೆ ಬಂದಿರುವ ಸಂಭವ 1/4. ಈ ಸೋದರಮಾವ ಮತ್ತು ಸೊಸೆ ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ 1/8. ಮಗುವಿಗೆ ರೋಗ ಬರುವ ಸಂಭವ ಅದರ ನಾಲ್ಕನೆಯ ಒಂದು ಭಾಗ, ಅಂದರೆ 1/32. ಅದೇ ಮಗ ಹೊರಗಿನ ಹೆಣ್ಣನ್ನು ತಂದರೆ, ಜನರಲ್ಲಿ ನೂರಕ್ಕೊಬ್ಬರು ಆ ರೋಗದ ವಾಹಕರೆಂದು ಇಟ್ಟುಕೊಂಡಾಗ, 1/2 × 1/100 × 1/4, ಅಂದರೆ 1/800. ಅಜ್ಜನ ಮೊಮ್ಮಗನೂ ಮೊಮ್ಮಗಳೂ, ಅಂದರೆ ಸೋದರತ್ತೆಯ ಮಗನೂ ಮಾವನ ಮಗಳೂ, ಮದುವೆಯಾದರೆ 1/64. ರೋಗ ಅಪರೂಪವಾದಷ್ಟೂ ಸಂಬಂಧದೊಳಗಿನ ಮದುವೆಗೂ ಹೊರಗಿನ ಮದುವೆಗೂ ಇರುವ ವ್ಯತ್ಯಾಸ ಹಿಗ್ಗುತ್ತದೆ. ಗಣಿತದ ಸಂಭವನೀಯತೆಯ ಪಾಠದೊಂದಿಗೆ ಇದನ್ನು ಸೇರಿಸಿದರೆ ಎರಡು ಪಾಠಗಳಿಗೂ ಬಲ.

ಈ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಮರೆಮಾಡಬಾರದು. 32ರಲ್ಲಿ 31 ಸಲ ಆ ರೋಗ ಬರುವುದಿಲ್ಲ. ಸೋದರಿಕೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರು. ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಗಳಲ್ಲಿ ಸಂತಾನದ ಮರಣಪ್ರಮಾಣ ಇತರರಿಗಿಂತ ಶೇಕಡ 3.5ರಷ್ಟು ಹೆಚ್ಚೆಂದು ಬಿಟಲ್ಸ್ ಮತ್ತು ಬ್ಲ್ಯಾಕ್ 2010ರಲ್ಲಿ ಅಂದಾಜು ಮಾಡಿದರು. ತಲೆತಲಾಂತರದಿಂದ ಸೋದರಿಕೆ ನಡೆದುಬಂದ ದಕ್ಷಿಣ ಭಾರತದಲ್ಲಿ ಕೆಟ್ಟ ವಂಶವಾಹಿಗಳು ಕಾಲಕ್ರಮದಲ್ಲಿ ಸೋಸಿಹೋಗಿರಬಹುದೆಂಬ ವಾದವನ್ನು ಎಲ್. ಡಿ. ಸಾಂಘ್ವಿ 1966ರಲ್ಲೇ ಮುಂದಿಟ್ಟಿದ್ದರು. ತಮಿಳುನಾಡಿನಲ್ಲಿ ವೆಲ್ಲೂರಿನ ಸಂಶೋಧಕರು 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಅಪಾಯವಿಲ್ಲವೆಂದು ಹೇಳುವಂತಿಲ್ಲ. ಒಟ್ಟು ಜನಸಂಖ್ಯೆಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ, ಒಮ್ಮೆ ರೋಗ ಕಂಡ ಮನೆಯಲ್ಲಿ ನಾಲ್ಕರಲ್ಲೊಂದು. ಜನಸಂಖ್ಯೆಯ ಅಂಕಿಯನ್ನೂ ಮನೆಯ ಅಂಕಿಯನ್ನೂ ಬೆರೆಸಿ ಹೇಳುವುದರಿಂದಲೇ ತರಗತಿಯಲ್ಲಿ ಗೊಂದಲ ಹುಟ್ಟುತ್ತದೆ.

ನಾಲ್ಕರಲ್ಲೊಂದು ಎಂಬ ಮಾತನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಮೊದಲ ಮಗುವಿಗೆ ಬಂದುದರಿಂದ ಮುಂದಿನ ಮೂವರು ಪಾರು ಎಂದು ಹೇಳುವ ಹಿರಿಯರು ಎಲ್ಲ ಊರಲ್ಲಿಯೂ ಇದ್ದಾರೆ. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿಸಿ, ಎರಡೂ ಹಿಂಬದಿ ಬಿದ್ದರೆ ರೋಗವೆಂದು ಗುರುತು ಹಾಕಿಸಿದರೆ ಮಕ್ಕಳೇ ಉತ್ತರ ಕಾಣುತ್ತಾರೆ. ಸತತ ಎರಡು ಸಲ ಹಾಗೆ ಬೀಳುವುದೂ ಉಂಟು, ಹತ್ತು ಸಲ ಬೀಳದಿರುವುದೂ ಉಂಟು. ನಾಣ್ಯಕ್ಕೆ ಹಿಂದಿನ ಆಟದ ನೆನಪಿಲ್ಲ. ಒಂದು ನಾಣ್ಯ ತಂದೆಯದು, ಇನ್ನೊಂದು ತಾಯಿಯದು ಎಂಬುದನ್ನು ಇಲ್ಲಿಯೇ ಒತ್ತಿ ಹೇಳಬೇಕು. ರೋಗದ ಕೂಸು ಹುಟ್ಟಿದ ಮನೆಗಳಲ್ಲಿ ನಿಂದೆ ಹೆಣ್ಣಿನ ಮೇಲೆಯೇ ಬೀಳುತ್ತದೆ. ಅಪ್ರಬಲ ರೋಗದಲ್ಲಿ ತಾಯಿಯಷ್ಟೇ ಪಾಲು ತಂದೆಯದೂ ಇದೆ ಎಂಬುದು ಸಮಾಧಾನಕ್ಕಾಗಿ ಆಡುವ ಮಾತಲ್ಲ, ಮೆಂಡೆಲನ ಚೌಕವೇ ಅದನ್ನು ಹೇಳುತ್ತದೆ.

ಶಾಲೆಯಲ್ಲಿ ಕಾಣುವ ರೋಗ

ಫೀನೈಲ್‌ಕೀಟೋನ್ಯೂರಿಯದ ಮಗು ಆರನೆಯ ವಯಸ್ಸಿಗೆ ಶಾಲೆಗೆ ಬರುವ ಹೊತ್ತಿಗೆ ಆದ ಹಾನಿ ಆಗಿಹೋಗಿರುತ್ತದೆ. ಶಾಲೆಯ ವಯಸ್ಸಿನಲ್ಲೇ ತಲೆದೋರುವ, ಚಿಕಿತ್ಸೆಯೂ ಇರುವ ಚಯಾಪಚಯ ರೋಗ ವಿಲ್ಸನ್ ರೋಗ. ಆಹಾರದಲ್ಲಿರುವ ತಾಮ್ರವನ್ನು ಹೊರಹಾಕಲಾಗದೆ ಅದು ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಶೇಖರವಾಗುತ್ತದೆ. ಇದೂ ಅಪ್ರಬಲ ರೋಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎ. ಬಿ. ಟ್ಯಾಲಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ.

ಈ ರೋಗದ ಮೊದಲ ಗುರುತುಗಳು ವೈದ್ಯರಿಗಿಂತ ಮುಂಚೆ ಉಪಾಧ್ಯಾಯರ ಕಣ್ಣಿಗೆ ಬೀಳುವಂಥವು. ದುಂಡಗೆ ಬರೆಯುತ್ತಿದ್ದ ಬಾಲಕಿಯ ಅಕ್ಷರ ಕೆಲವು ತಿಂಗಳಲ್ಲಿ ಅಂಕುಡೊಂಕಾಗುತ್ತದೆ. ಪದ್ಯ ಸ್ಪಷ್ಟವಾಗಿ ಓದುತ್ತಿದ್ದವನ ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ಅಂಕಗಳು ಇಳಿಯುತ್ತವೆ. ಕಾರಣವಿಲ್ಲದ ಸಿಟ್ಟು, ಅಳು, ಹಠ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಇದಕ್ಕೂ ಮೊದಲೇ ಕಾಮಾಲೆ ಬಂದು ಹೋಗಿರುತ್ತದೆ. ಇಂಥ ಮಗುವನ್ನು ಸೋಮಾರಿಯೆಂದು ಗದರಿಸುವುದೂ, ಗಾಳಿ ಸೋಕಿದೆಯೆಂದು ಮನೆಯವರು ತಾಯಿತ ಕಟ್ಟಿಸುವುದೂ ಎರಡೂ ಕಾಲಹರಣ. ಚಿಕಿತ್ಸೆಯಿಲ್ಲದೆ ರೋಗ ಮಾರಕವಾಗುತ್ತದೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದುಹಸಿರು ಉಂಗುರವಿದೆಯೇ ಎಂದು ವೈದ್ಯರು ಉಪಕರಣದಿಂದ ನೋಡುತ್ತಾರೆ, ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸುತ್ತಾರೆ. ಪೆನಿಸಿಲಮೀನ್, ಸತುವಿನ ಲವಣ ಮೊದಲಾದ ಔಷಧಗಳನ್ನು ಬಾಳಿನುದ್ದಕ್ಕೂ ಬಿಡದೆ ತೆಗೆದುಕೊಂಡರೆ ಹಲವರು ಮತ್ತೆ ಓದು, ಕೆಲಸಗಳಿಗೆ ಮರಳುತ್ತಾರೆ. ರೋಗಿಯ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಸಂಭವವಿರುವುದರಿಂದ ಅವರು ಆರೋಗ್ಯವಾಗಿ ಕಂಡರೂ ಪರೀಕ್ಷೆ ಆಗಲೇಬೇಕು. ಅಕ್ಕನಿಗೆ ರೋಗ ತಿಳಿದ ಮನೆಯಲ್ಲಿ ತಮ್ಮನು ಲಕ್ಷಣ ಕಾಣುವ ಮೊದಲೇ ಔಷಧ ಪಡೆದು ಉಳಿಯಬಹುದು. ಅವನು ಬಹುಶಃ ಅದೇ ಶಾಲೆಯ ಕೆಳಗಿನ ತರಗತಿಯಲ್ಲಿ ಓದುತ್ತಿರುತ್ತಾನೆ.

ಉಪಾಧ್ಯಾಯರಿಗೆ ಸೂಚನೆಗಳು

ವಂಶವೃಕ್ಷ ಬರೆಯುವ ಚಟುವಟಿಕೆಯಲ್ಲಿ ಮಕ್ಕಳಿಂದ ಅವರವರ ಮನೆಯ ಸಂಬಂಧವನ್ನು ಬರೆಸಬಾರದು. ಕಲ್ಪಿತ ಕುಟುಂಬವೊಂದನ್ನು ಹಲಗೆಯ ಮೇಲೆ ಬರೆದುಕೊಡಬೇಕು. ‘ಯಾರ ತಂದೆತಾಯಿ ಸಂಬಂಧಿಕರು, ಕೈ ಎತ್ತಿ’ ಎಂದು ಕೇಳುವುದು ಸಲ್ಲದು. ಫೋಲಿಂಗ್ ಅವರ ಪರೀಕ್ಷೆಗೆ ಬೇಕಾದ ಫೆರಿಕ್ ಕ್ಲೋರೈಡ್ ಶಾಲೆಯ ಕಪಾಟಿನಲ್ಲಿ ಇದ್ದರೂ ಮಕ್ಕಳ ಮೂತ್ರದ ಮೇಲೆ ಪ್ರಯೋಗ ಮಾಡತಕ್ಕದ್ದಲ್ಲ. ರೋಗನಿರ್ಣಯ ವೈದ್ಯರ ಕೆಲಸ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷ, ಕೊರತೆ, ರೋಗ ಮತ್ತು ಬೆಳವಣಿಗೆಯ ವಿಳಂಬಗಳನ್ನು ಗುರುತಿಸುವ ವೈದ್ಯ ತಂಡ ಶಾಲೆಗೆ ಭೇಟಿ ಕೊಡಬೇಕು. ಆ ದಿನ ನೂರಾರು ಮಕ್ಕಳನ್ನು ನೋಡುವ ಅವಸರದಲ್ಲಿ ತಂಡಕ್ಕೆ ಕಾಣುವುದು ಮಗುವಿನ ಅಂದಿನ ರೂಪ ಮಾತ್ರ. ಕಳೆದ ಜೂನ್ ತಿಂಗಳಿನ ನೋಟುಪುಸ್ತಕವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬಲ್ಲವರು ತರಗತಿಯ ಉಪಾಧ್ಯಾಯರು. ಅಕ್ಷರ, ಮಾತು, ನಡಿಗೆಗಳಲ್ಲಿ ಕಂಡ ಬದಲಾವಣೆಯನ್ನು ತಿಂಗಳು ಸಹಿತ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಜಿಲ್ಲಾ ಕೇಂದ್ರದ ವೈದ್ಯರಿಗೂ ಅದರಿಂದ ಸಹಾಯ.

ಗಡಿಭಾಗಕ್ಕೆ ವಿಶೇಷವಾದ ತೊಡಕೊಂದಿದೆ. ರಾಯದುರ್ಗದವರು ಬಳ್ಳಾರಿಗೂ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದವರು ಶಿರಾ, ತುಮಕೂರು, ಬೆಂಗಳೂರುಗಳಿಗೂ ಚಿಕಿತ್ಸೆಗಾಗಿ ಹೋಗುವುದುಂಟು. ಇತ್ತ ಕೊಟ್ಟ ಚೀಟಿ ತೆಲುಗಿನಲ್ಲಿ, ಅತ್ತ ಕೊಟ್ಟ ವರದಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಓದಬಲ್ಲವರು ಇದ್ದರೆ ಅವರಿಗೆ ಬರುವುದು ಕನ್ನಡ. ಎರಡೂ ಕಡೆಯ ಕಾಗದಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಳ್ಳಲು ಪೋಷಕರಿಗೆ ಹೇಳುವುದು, ಔಷಧದ ಹೊತ್ತನ್ನೂ ಮರಳಿ ಹೋಗಬೇಕಾದ ದಿನಾಂಕವನ್ನೂ ಕನ್ನಡದಲ್ಲಿ ಬರೆದು ಕಡತದ ಮೇಲೆ ಅಂಟಿಸಿಕೊಡುವುದು ಕನ್ನಡ ಬಲ್ಲ ಉಪಾಧ್ಯಾಯರಿಗೆ ಹತ್ತು ನಿಮಿಷದ ಕೆಲಸ. ಮಗುವಿನ ಹೆಸರನ್ನೂ ರೋಗವನ್ನೂ ಸಿಬ್ಬಂದಿ ಕೊಠಡಿಯ ಮಾತುಕತೆಗೆ ತರದಿರುವುದು ಅದೇ ಕೆಲಸದ ಭಾಗ. ಹುಡುಗಿಯಾದರೆ ಮುಂದೆ ಮದುವೆಯ ಮಾತು ಬಂದಾಗ ಆ ಸುದ್ದಿ ಶಾಲೆಯಿಂದಲೇ ಹೊರಬಿದ್ದಿತೆಂಬ ದೂರು ಹುಟ್ಟುತ್ತದೆ. ಆ ಭಯಕ್ಕೇ ಔಷಧ ನಿಲ್ಲಿಸುವ ಮನೆಗಳೂ ಇರುತ್ತವೆ.